ಆಯಿಲ್ ತಿನ್ನುವ ಎಂಜಿನ್: ಸಹಜವೋ, ವಿನ್ಯಾಸದ ದೋಷವೋ?

ಹೊಸ ಕಾಲದ ಕಾರುಗಳು ಎಂಜಿನ್ ಆಯಿಲನ್ನು ಕೊಂಚ ಹೆಚ್ಚಾಗಿಯೇ ಸುಡುತ್ತವೆ, ಟರ್ಬೊ ಇರುವ ಎಂಜಿನ್‌ಗಳಲ್ಲಂತೂ ಅದು ತೀರ ಸಹಜ, ಆಗಾಗ ಒಂದು ಲೀಟರ್ ಸುರಿದುಕೊಂಡರಾಯಿತು ಎಂಬ ಮಾತು ಸರ್ವಿಸ್ ಕೇಂದ್ರಗಳಲ್ಲಿ ಹುಟ್ಟಿ, ಈಗ ತಿಳಿವಳಿಕೆಯುಳ್ಳವರ ಬಾಯಲ್ಲಿಯೂ ಸಲೀಸಾಗಿ ಓಡಾಡುತ್ತಿದೆ. ಇದು ಮೇಲುಮೇಲಿನ ಮಾತು. ಅತಿಯಾದ ಆಯಿಲ್ ಖರ್ಚಿನ ಮೂಲವಿರುವುದು ಇಂಧನ ಉಳಿತಾಯದ ಅಂಕಿಗಾಗಿ ವಿನ್ಯಾಸಕಾರರು ಮಾಡಿಕೊಂಡ ಕೆಲವು ಆಯ್ಕೆಗಳಲ್ಲಿ. ಆ ಆಯ್ಕೆ ತಪ್ಪಿದಾಗ ಬೆಲೆ ತೆರುವವನು ಮಾತ್ರ ಕಾರಿನ ಮಾಲೀಕ.

ಪಿಸ್ಟನ್ನಿನ ಸುತ್ತ ಸಾಮಾನ್ಯವಾಗಿ ಮೂರು ರಿಂಗ್‌ಗಳಿರುತ್ತವೆ. ಮೇಲಿನೆರಡು ರಿಂಗ್‌ಗಳ ಮುಖ್ಯ ಕೆಲಸ ಉರಿಯುವ ಅನಿಲ ಕೆಳಕ್ಕೆ ನುಸುಳದಂತೆ ತಡೆಯುವುದು. ಮೂರನೆಯದಾದ ಆಯಿಲ್ ರಿಂಗ್, ಸಿಲಿಂಡರಿನ ಗೋಡೆಗೆ ಮೆತ್ತಿದ ಎಣ್ಣೆಯನ್ನು ಕೆರೆದು, ತಾನು ಕೂತಿರುವ ತೋಡಿನ ಹಿಂಬದಿಯಲ್ಲಿ ಕೊರೆದ ಸಣ್ಣ ರಂಧ್ರಗಳ ಮೂಲಕ ಅದನ್ನು ತಳದ ತೊಟ್ಟಿಗೆ, ಅಂದರೆ ಸಂಪ್‌ಗೆ, ಮರಳಿಸುತ್ತದೆ. ಈ ರಿಂಗ್‌ಗಳು ಗೋಡೆಯನ್ನು ಒತ್ತಿ ಹಿಡಿದಿರುವುದರಿಂದ ಎಂಜಿನ್ನಿನ ಒಳಗಿನ ಒಟ್ಟು ಘರ್ಷಣೆಯಲ್ಲಿ ದೊಡ್ಡ ಪಾಲು ಅವುಗಳದೇ ಆಗಿರುತ್ತದೆ. ಆದ್ದರಿಂದ ಇಂಧನ ಉಳಿಸಬೇಕೆಂಬ ಒತ್ತಡ ಬಂದಾಗ ತಯಾರಕರು ರಿಂಗ್‌ಗಳನ್ನು ತೆಳುವಾಗಿಸಿ, ಅವುಗಳ ಬಿಗಿತವನ್ನು ತಗ್ಗಿಸಿ, ಜೊತೆಗೆ 0ಡಬ್ಲ್ಯೂ-20 ದರ್ಜೆಯಂಥ ತೆಳ್ಳನೆಯ ಎಣ್ಣೆಯನ್ನು ಬಳಕೆಗೆ ತಂದರು. ಬಿಗಿತ ಕಡಿಮೆಯಾದ ರಿಂಗ್ ಶುಚಿಯಾಗಿರುವವರೆಗೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ರಂಧ್ರಗಳು ಕಿರಿದಾಗಿದ್ದು, ಆಯಿಲ್ ಬದಲಿಸುವ ಅವಧಿ ದೀರ್ಘವಾಗಿದ್ದು, ಪಿಸ್ಟನ್ ಹೆಚ್ಚು ಕಾಯುವಂತಿದ್ದರೆ, ಹಿಂದಿರುಗಬೇಕಾದ ಎಣ್ಣೆ ಅಲ್ಲಿಯೇ ನಿಂತು, ಬೆಂದು, ಕಪ್ಪು ಕರಿಯಾಗಿ ರಂಧ್ರಗಳನ್ನು ಮುಚ್ಚಿ, ಕೊನೆಗೆ ರಿಂಗನ್ನೇ ತೋಡಿಗೆ ಕಚ್ಚಿಸಿಬಿಡುತ್ತದೆ. ಅಲ್ಲಿಂದ ಮುಂದೆ ಗೋಡೆಯ ಮೇಲುಳಿದ ಎಣ್ಣೆ ಪೆಟ್ರೋಲಿನೊಂದಿಗೆ ಉರಿಯುತ್ತದೆ. ವಾಲ್ವ್‌ಗಳ ಸೀಲ್ ಗಟ್ಟಿಯಾಗಿ ಸೋರುವುದೂ ಉಂಟು. ಆದರೆ ಹೆಸರಾದ ಪ್ರಕರಣಗಳಲ್ಲಿ ಬಹುಪಾಲು ರಿಂಗ್‌ನ ಕಥೆಯೇ.

ಟರ್ಬೊವನ್ನೇ ಅಪರಾಧಿಯಾಗಿ ನಿಲ್ಲಿಸುವವರು ಟೊಯೊಟಾದ 2.4 ಲೀಟರಿನ 2ಎಝಡ್-ಎಫ್‌ಇ ಎಂಜಿನ್ನನ್ನು ನೋಡಬೇಕು. 2007ರಿಂದ 2009ರವರೆಗಿನ ಕ್ಯಾಮ್ರಿ ಮೊದಲಾದ ಕಾರುಗಳಲ್ಲಿದ್ದ ಆ ಎಂಜಿನ್‌ಗೆ ಟರ್ಬೊ ಇರಲಿಲ್ಲ. ಆದರೂ ಅದು ಆಯಿಲ್ ತಿನ್ನುವುದಕ್ಕೆ ಹೆಸರಾಯಿತು, ಮತ್ತು 2011ರಲ್ಲಿ ಕಂಪನಿಯೇ ಅಮೆರಿಕದ ತನ್ನ ಡೀಲರುಗಳಿಗೆ ತಾಂತ್ರಿಕ ಸೂಚನೆ ಕಳುಹಿಸಿ, ಬದಲಾದ ವಿನ್ಯಾಸದ ಪಿಸ್ಟನ್ ಮತ್ತು ರಿಂಗ್‌ಗಳನ್ನು ಒದಗಿಸಿತು. ಸುಬಾರುವಿನ ಎಫ್‌ಬಿ ಸರಣಿಯ ಟರ್ಬೊರಹಿತ ಎಂಜಿನ್‌ಗಳ ವಿಷಯದಲ್ಲಿ ಅಮೆರಿಕದ ಗ್ರಾಹಕರು ಸಾಮೂಹಿಕ ದಾವೆ ಹೂಡಿದರು. 2016ರಲ್ಲಿ ಇತ್ಯರ್ಥವಾದ ಆ ವ್ಯಾಜ್ಯದ ಫಲವಾಗಿ ವಾರಂಟಿ 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಣೆಯಾಯಿತು. ಆಡಿಯ 2 ಲೀಟರಿನ ಟರ್ಬೊ ಎಂಜಿನ್ನೂ ಇದೇ ದಾರಿ ಹಿಡಿದು ನ್ಯಾಯಾಲಯ ತಲುಪಿತು. ಇದೇ ಕಾಲದ ಅಸಂಖ್ಯ ಎಂಜಿನ್‌ಗಳು, ಟರ್ಬೊ ಇದ್ದೂ ತೆಳು ಎಣ್ಣೆ ಬಳಸಿಯೂ, ಒಂದು ಸರ್ವಿಸಿನಿಂದ ಇನ್ನೊಂದರವರೆಗೆ ಹನಿ ಸುರಿಸಿಕೊಳ್ಳದೆ ಓಡುತ್ತಿವೆ. ಪಿಸ್ಟನ್ನನ್ನೇ ಬದಲಿಸಿ ವಾಸಿ ಮಾಡಬಹುದಾದದ್ದನ್ನು ಯುಗಧರ್ಮವೆನ್ನುವುದು ಹೇಗೆ?

ಇದರ ವಿರುದ್ಧ ಗೌರವಾರ್ಹವಾದ ವಾದಗಳಿವೆ. ಸಿಲಿಂಡರಿನ ಗೋಡೆಯ ಮೇಲೆ ಎಣ್ಣೆಯ ತೆಳು ಪದರ ಇರಲೇಬೇಕಾದ್ದರಿಂದ ಅದರಲ್ಲೊಂದು ಅಂಶ ಉರಿಯುವುದು ಅನಿವಾರ್ಯ. ಖರ್ಚೇ ಇಲ್ಲದ ಎಂಜಿನ್ ಇಲ್ಲ. ಅರ್ಧ ಶತಮಾನದ ಹಿಂದಿನ ಎಂಜಿನ್‌ಗಳು ಇದಕ್ಕಿಂತ ಹೆಚ್ಚು ಎಣ್ಣೆ ಸುಡುತ್ತಿದ್ದವು ಮತ್ತು ಬೇಗ ಸವೆಯುತ್ತಿದ್ದವು ಎಂಬುದೂ ನಿಜ. ಘರ್ಷಣೆಯಲ್ಲಿ ಉಳಿಸಿದ ಒಂದೊಂದು ಅಂಶವೂ ಕೋಟ್ಯಂತರ ಕಾರುಗಳಲ್ಲಿ ಗುಣಿಸಿದಾಗ ಅಪಾರ ಇಂಧನವಾಗುತ್ತದೆ, ಆ ಲಾಭವನ್ನು ತಳ್ಳಿಹಾಕುವುದು ವಿವೇಕವಲ್ಲ. ಭಾರತದಲ್ಲಿಯೂ 2017ರಿಂದ ತಯಾರಕರು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಗೆ ಮಿತಿ ಜಾರಿಯಲ್ಲಿರುವುದು ಈ ಕಾರಣಕ್ಕೇ. ತಪ್ಪೆಲ್ಲ ಚಾಲಕನ ಬಲವಾದ ಕಾಲಿನದು ಎಂಬ ವಾದಕ್ಕೆ ಮಾತ್ರ ಉತ್ತರ ಕೊಡುವ ಅಗತ್ಯವಿಲ್ಲ.

ಚರ್ಚೆ ಇರುವುದು ಎಷ್ಟು ಎಂಬುದರಲ್ಲಿ. ಫೋಕ್ಸ್‌ವ್ಯಾಗನ್ ಬಳಗದ ಅನೇಕ ಕಾರುಗಳ ಕೈಪಿಡಿಗಳಲ್ಲಿ 1,000 ಕಿಲೋಮೀಟರಿಗೆ 0.5 ಲೀಟರಿನವರೆಗಿನ ಖರ್ಚು ಒಪ್ಪತಕ್ಕದ್ದೆಂದು ಬರೆದಿದೆ. ಟೊಯೊಟಾ ದುರಸ್ತಿಗೆ ಇಟ್ಟುಕೊಂಡ ಮಿತಿಯಾದ 1,200 ಮೈಲಿಗೆ ಒಂದು ಕ್ವಾರ್ಟ್ ಎಂಬುದೂ ಹೆಚ್ಚುಕಡಿಮೆ ಅಷ್ಟೇ. ಈಗ ಲೆಕ್ಕ ಹಾಕಬೇಕು. 4 ಲೀಟರ್ ಎಣ್ಣೆ ಹಿಡಿಯುವ ಎಂಜಿನ್ ಈ ಮಿತಿಯೊಳಗೇ ಓಡಿದರೂ 8,000 ಕಿಲೋಮೀಟರಿಗೆ ಅದರ ಸಂಪ್ ಪೂರ್ತಿ ಬರಿದಾಗಬೇಕು. ಅದರ ಸರ್ವಿಸ್ ಅವಧಿ ಮಾತ್ರ 10,000 ಅಥವಾ 15,000 ಕಿಲೋಮೀಟರ್. ಸರ್ವಿಸಿಗೆ ಬರುವ ಮೊದಲೇ ಎಂಜಿನ್ ಒಣಗಿ ಹಾಳಾಗಬಹುದಾದ ಪ್ರಮಾಣವನ್ನು ಸಹಜವೆಂದು ಮುದ್ರಿಸಿದ ಕಾಗದವನ್ನು ಎಂಜಿನಿಯರಿಂಗ್ ಮಾನದಂಡ ಎನ್ನಲಾಗದು. ಅದು ವಾರಂಟಿಯ ಹೊಣೆಯಿಂದ ನುಣುಚಿಕೊಳ್ಳಲು ಎಳೆದ ಗೆರೆ.

ಇದಕ್ಕಿಂತ ಅನ್ಯಾಯವಾದದ್ದು ಡಿಪ್‌ಸ್ಟಿಕ್‌ನ ಕಥೆ. ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವ ಆ ಸಲಾಕೆಯ ಮೇಲಿನ ಎರಡು ಗುರುತುಗಳು ಮಾಲೀಕನಿಗೆ ಯಾರ ಹಂಗೂ ಇಲ್ಲದೆ ನಿಜವನ್ನು ತಿಳಿಸುತ್ತಿದ್ದವು. ಬಿಎಂಡಬ್ಲ್ಯೂ, ಆಡಿ ಮೊದಲಾದವರು ಹಲವು ಮಾದರಿಗಳಿಂದ ಅದನ್ನೇ ತೆಗೆದುಹಾಕಿ, ಪರದೆಯ ಮೇಲೆ ಮೂಡುವ ಅಂಕಿಯನ್ನು ನಂಬುವಂತೆ ಮಾಡಿದರು. ಎದುರಿನ ಫಲಕದ ಕೆಂಪು ದೀಪವನ್ನು ನೆಚ್ಚಿಕೊಳ್ಳುವುದಂತೂ ಅಪಾಯ, ಏಕೆಂದರೆ ಅದು ತೋರಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಒತ್ತಡ ಕುಸಿದು ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗ್‌ಗಳು ಕೆಟ್ಟಿರಬಹುದು. ಆಯಿಲ್ ಹೆಚ್ಚು ತಿನ್ನಬಲ್ಲ ಎಂಜಿನ್ ಕೊಟ್ಟು, ಅದನ್ನು ಅಳೆಯುವ ಸಾಧನವನ್ನು ಕಿತ್ತುಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನಷ್ಟ ಮಾಲೀಕನ ಕಿಸೆಯಲ್ಲಿಯೇ ನಿಲ್ಲುವುದಿಲ್ಲ. ಸವೆತ ತಡೆಯಲು ಎಣ್ಣೆಗೆ ಬೆರೆಸಿದ ರಂಜಕದ ಸಂಯುಕ್ತಗಳು ಉರಿದು, ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು, ಅದನ್ನು ಕ್ರಮೇಣ ನಿಷ್ಕ್ರಿಯಗೊಳಿಸುತ್ತವೆ. ಇಂಗಾಲ ಉಳಿಸುವ ಹೆಸರಿನಲ್ಲಿ ಆದ ವಿನ್ಯಾಸ ಹೀಗೆ ವಿಷಗಾಳಿಯ ತಡೆಯನ್ನೇ ಮುರಿಯುತ್ತದೆ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ವಿನ್ಯಾಸದ ದೋಷಕ್ಕೂ ತಯಾರಕನನ್ನು ಹೊಣೆಯಾಗಿಸುತ್ತದೆ. ಆದರೆ ದೂರಿಗೆ ಬಲ ಬರುವುದು ದಾಖಲೆಯಿಂದ. ಆದ್ದರಿಂದ ಕಾರು ಕೊಳ್ಳುವವರು ಕೈಪಿಡಿಯಲ್ಲಿ ಆಯಿಲ್ ಖರ್ಚಿನ ಮಿತಿ ಬರೆದಿರುವ ಪುಟವನ್ನು ಹಣ ಕಟ್ಟುವ ಮೊದಲೇ ಓದಬೇಕು, ಸಾವಿರ ಕಿಲೋಮೀಟರಿಗೊಮ್ಮೆ ಸಮತಟ್ಟಾದ ನೆಲದಲ್ಲಿ ಮಟ್ಟ ನೋಡಿ ಬರೆದಿಡಬೇಕು, ಸುರಿದ ಪ್ರತಿ ಲೀಟರಿನ ರಸೀದಿಯನ್ನೂ ವಾರಂಟಿ ಮುಗಿಯುವವರೆಗೆ ಕಾದಿಡಬೇಕು.