ಬಲ್ಬಿನ ತಪ್ಪಲ್ಲ

"ಬಲ್ಬಲ್ವಾ ಮೇಡಂ, ಹೋಗುತ್ತೆ. ಹೋದರೆ ಹಾಕಿಸಿದರಾಯ್ತು."

ಕಾರಿನ ಹೆಡ್‌ಲೈಟಿನ ಬಗ್ಗೆ ಈ ಮಾತನ್ನು ಒಂದೇ ವರ್ಷದಲ್ಲಿ ನಾಲ್ಕು ಸಲ ಕೇಳಿಸಿಕೊಂಡವಳು ನಾನು. ಹೇಳಿದವರು ಮೆಕ್ಯಾನಿಕ್ ಒಬ್ಬರೇ ಅಲ್ಲ. ಬಿಡಿಭಾಗದ ಅಂಗಡಿಯವರು, ಪಕ್ಕದ ಮನೆಯ ಬ್ಯಾಂಕ್ ಅಧಿಕಾರಿ, ಕೊನೆಗೆ ನಮ್ಮ ಯಜಮಾನರು. ಇಷ್ಟು ಜನ ಗಂಡಸರು ಒಂದೇ ಮಾತಾಡಿದರೆ ಅದು ಸತ್ಯವೇ ಇರಬೇಕೆಂದು ನಂಬುವಷ್ಟು ಸಾಧುತನ ಆಗ ನನ್ನಲ್ಲಿತ್ತು.

ಆ ಸಾಧುತನ ಬಿಟ್ಟುಹೋದದ್ದು 2014ರ ಆಷಾಢದಲ್ಲಿ, ಆಗುಂಬೆ ಘಾಟಿಯಲ್ಲಿ. ಶಿವಮೊಗ್ಗದಿಂದ ಹೆಬ್ರಿಯ ತವರಿಗೆ ಹೊರಟಿದ್ದೆ, ಪಕ್ಕದಲ್ಲಿ ಅತ್ತೆ. ತೀರ್ಥಹಳ್ಳಿ ದಾಟುವಾಗಲೇ ಕತ್ತಲಾಗಿತ್ತು, ಮಳೆ ಬೇರೆ. ಹದಿನಾಲ್ಕು ತಿರುವುಗಳ ಆ ಇಳಿಜಾರಿನ ನಡುವೆ ಬಲಗಡೆಯ ದೀಪ ಆರಿತು. ಎದುರಿನಿಂದ ಹತ್ತುತ್ತಿದ್ದ ವ್ಯಾನಿನವನಿಗೆ ಕಂಡದ್ದು ರಸ್ತೆಯ ಅಂಚಿನ ಒಂದೇ ದೀಪ. ಯಾರೋ ಬೈಕಿನವರು ಎಂದುಕೊಂಡು ಅವನು ನನ್ನ ಕಡೆಗೇ ಜರುಗಿದ. ಕೊನೆಯ ಗಳಿಗೆಯಲ್ಲಿ ಒಂದು ಗೇಣಿನ ಅಂತರದಲ್ಲಿ ಪಾರಾದೆವು. ಸೋಮೇಶ್ವರ ಬರುವವರೆಗೆ ತುಟಿ ಬಿಚ್ಚದ ಅತ್ತೆ ಆಮೇಲೆ ಕೇಳಿದರು: "ದಿನಾ ಹಾಲು ಒಡೀತಾ ಇದ್ರೆ ಹಾಲು ಬದಲಾಯಿಸ್ತಾ ಕೂರ್ತೀಯೇನೇ? ಪಾತ್ರೆ ಮೂಸಿ ನೋಡಲ್ವಾ?"

ನನ್ನ ತಕರಾರು ಇಷ್ಟೇ. ಬಲ್ಬು ಸುಟ್ಟುಹೋಗುವುದು ರೋಗವಲ್ಲ, ರೋಗದ ಲಕ್ಷಣ. ಜ್ವರ ಬಂದಾಗಲೆಲ್ಲ ಮಾತ್ರೆ ನುಂಗಿಸಿ ಕಳಿಸುವ ವೈದ್ಯರನ್ನು ನಾವು ಬಿಟ್ಟುಬಿಡುತ್ತೇವೆ. ಗ್ಯಾರೇಜಿನಲ್ಲಿ ಮಾತ್ರ ಅದನ್ನೇ ಚಿಕಿತ್ಸೆ ಎಂದು ಒಪ್ಪಿ ದುಡ್ಡು ಕೊಟ್ಟು ಬರುತ್ತೇವೆ.

ಬಲ್ಬಿಗೂ ಒಂದು ಆಯುಷ್ಯವಿದೆಯೆಂಬುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಕಾರಿನಲ್ಲಿದ್ದದ್ದು 12 ವೋಲ್ಟಿನ, 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಬಲ್ಬು. ಒಳ್ಳೆಯ ಬಲ್ಬಾದರೆ ನೂರಾರು ಗಂಟೆ ಉರಿಯಬೇಕು. ನಾನು ದೀಪ ಹಾಕಿ ಓಡಿಸುತ್ತಿದ್ದುದು ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ಎಡಕ್ಕೆರಡು, ಬಲಕ್ಕೆರಡು ಎಂದು ವರ್ಷಕ್ಕೆ ನಾಲ್ಕು ಬಲ್ಬು ಹೋಗಿದ್ದವು. ಅಂದರೆ ಒಂದೊಂದೂ ಉರಿದದ್ದು ಸುಮಾರು 50 ಗಂಟೆ. ಇದು ಮುಪ್ಪಿನ ಸಾವಲ್ಲ, ಅಪಮೃತ್ಯು.

ತವರಿನಿಂದ ಹಗಲು ಹೊತ್ತಿನಲ್ಲೇ ಮರಳುವಾಗ ತೀರ್ಥಹಳ್ಳಿಯಲ್ಲಿ ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್ ಸಿಕ್ಕರು. ಅವರು ಮೊದಲು ಕೇಳಿದ್ದು, "ಯಾವಾಗಲೂ ಒಂದೇ ಕಡೆದು ಹೋಗುತ್ತೋ, ಎರಡೂ ಕಡೆದೋ?" ಒಂದೇ ಕಡೆಯದಾದರೆ ಆ ಬದಿಯ ಹೋಲ್ಡರು ಸಡಿಲವಾಗಿರಬಹುದು, ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂರದೆ ಮಳೆನೀರು ಒಳಗೆ ಇಳಿಯುತ್ತಿರಬಹುದು, ದೀಪದ ಡೂಮೇ ಅಲುಗಾಡಿ ಫಿಲಮೆಂಟು ತುಂಡಾಗುತ್ತಿರಬಹುದು. ಎರಡೂ ಕಡೆಯದಾದರೆ ಮೊದಲ ಅನುಮಾನ ವೋಲ್ಟೇಜಿನ ಮೇಲೆ.

ಅವರು ಬ್ಯಾಟರಿಗೆ ಮೀಟರ್ ಹಿಡಿದು ಎಂಜಿನ್ ಚಾಲೂ ಮಾಡಿಸಿದರು. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟಿನೊಳಗೆ ನಿಲ್ಲಬೇಕಾದ ಮುಳ್ಳು, ಆಕ್ಸಿಲರೇಟರ್ ಒತ್ತಿದಂತೆ ಹದಿನೈದೂವರೆಯ ಆಚೆಗೆ ಹೋಯಿತು. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿತ್ತು. ವೋಲ್ಟೇಜು ನೂರಕ್ಕೆ ಐದರಷ್ಟು ಏರಿದರೂ ಬಲ್ಬಿನ ಆಯುಷ್ಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದಂತೆ. ಅದೇ ಹೆಚ್ಚಿನ ವೋಲ್ಟೇಜು ಬ್ಯಾಟರಿಯನ್ನೂ ಕುದಿಸುತ್ತಿತ್ತು. ಪರೀಕ್ಷೆಗೆ ಹಿಡಿದದ್ದು ಐದು ನಿಮಿಷ. ಆ ಐದು ನಿಮಿಷವನ್ನು ಇಡೀ ವರ್ಷ ಯಾರೂ ಕೊಟ್ಟಿರಲಿಲ್ಲ.

ಹೊಸ ಬಲ್ಬು ಹಾಕುವಾಗ ಅವರು ಗಾಜನ್ನು ಮುಟ್ಟಲಿಲ್ಲ. ಲೋಹದ ಬುಡವನ್ನು ಹಿಡಿದರು. ಬೆರಳಿನ ಜಿಡ್ಡು, ಬೆವರಿನ ಉಪ್ಪು ಹ್ಯಾಲೊಜೆನ್ ಬಲ್ಬಿನ ಗಾಜಿಗೆ ಅಂಟಿದರೆ ಕಾದಾಗ ಆ ಜಾಗವೇ ದುರ್ಬಲವಾಗುತ್ತದೆ. ನಮ್ಮೂರಿನ ಹುಡುಗ ಗ್ರೀಸ್ ಕೈಯಲ್ಲೇ ಉಜ್ಜಿ ಉಜ್ಜಿ ಕೂರಿಸುತ್ತಿದ್ದುದು ನೆನಪಾಯಿತು.

ಇನ್ನೊಂದು ಸಲಹೆಯೂ ನನಗೆ ಧಾರಾಳವಾಗಿ ಸಿಕ್ಕಿತ್ತು: "100/90 ಹಾಕಿಸಿಬಿಡಿ ಮೇಡಂ, ಹಗಲಾಗುತ್ತೆ." ಇದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆದರೆ 100 ವ್ಯಾಟಿನದು 8ಕ್ಕೂ ಹೆಚ್ಚು ಎಳೆಯುತ್ತದೆ. 60ಕ್ಕೆಂದು ಮಾಡಿದ ವೈರು ಬಿಸಿಯಾಗುತ್ತದೆ, ಹೋಲ್ಡರಿನ ಪ್ಲಾಸ್ಟಿಕ್ ಕರಗುತ್ತದೆ. ಸಾಲದ್ದಕ್ಕೆ ಎದುರು ಬರುವವರ ಕಣ್ಣು ಕುಕ್ಕುತ್ತದೆ. ನಮಗೆ ಹಗಲಾಗಲೆಂದು ಇನ್ನೊಬ್ಬರನ್ನು ಕುರುಡು ಮಾಡುವುದು ಯಾವ ನ್ಯಾಯ?

ಮೆಕ್ಯಾನಿಕ್‌ಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಗಿರಾಕಿ ಗಡಿಬಿಡಿಯಲ್ಲಿರುತ್ತಾನೆ, ಮೀಟರ್ ಹಿಡಿದದ್ದಕ್ಕೆ ಕೂಲಿ ಕೇಳಿದರೆ ಮುಖ ಸಿಂಡರಿಸುತ್ತಾನೆ. ಬಲ್ಬು ಮಾರಿದರೆ ಕೈಗೆ ಕಾಸು ಬರುತ್ತದೆ. ಹಾಗಾಗಿ ಬದಲಾಗಬೇಕಾದವರು ಕೇಳುವವರೂ ಹೌದು. ಕಾರಣ ಹುಡುಕಿಕೊಟ್ಟವರಿಗೆ ಬಲ್ಬಿನ ಬೆಲೆಗಿಂತ ಹೆಚ್ಚು ಕೂಲಿ ಕೊಟ್ಟರೂ ನಮಗೆ ಲಾಭವೇ.

"ಇದೆಲ್ಲ ನಿಮಗೆ ಅರ್ಥವಾಗಲ್ಲ ಬಿಡಿ" ಎನ್ನುವವರಿಗೆ ನನ್ನ ಉತ್ತರವಿದೆ. ದೋಸೆ ಕಾವಲಿಗೆ ಅಂಟಿದರೆ ಹಿಟ್ಟೋ, ಕಾವೋ, ಎಣ್ಣೆಯೋ ಎಂದು ಒಂದೊಂದನ್ನೇ ತೆಗೆದುಹಾಕುತ್ತಾ ಕಾರಣ ಹಿಡಿಯುವವರು ನಾವು. ಮಿಕ್ಸಿ ನಿಂತರೆ ಮೊದಲು ಪ್ಲಗ್ಗು, ಆಮೇಲೆ ಜಾರು ನೋಡುತ್ತೇವೆ. ದೋಷ ಪತ್ತೆ ಮಾಡುವ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇದೆ. ಅದನ್ನು ಗ್ಯಾರೇಜಿನ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗಬೇಕಾಗಿಲ್ಲ.

ಹೊಸ ಕಾರುಗಳಿಗೆ ಎಲ್‌ಇಡಿ ದೀಪ ಬಂದಿದ್ದರೂ ಹ್ಯಾಲೊಜೆನ್ ಉರಿಸುವ ಕಾರುಗಳು ಇನ್ನೂ ಬೇಕಾದಷ್ಟಿವೆ. ನಿಮ್ಮ ಬಲ್ಬು ಎರಡನೆಯ ಸಲ ಹೋದ ದಿನವೇ ಕೇಳಿ: ಎಂಜಿನ್ ಓಡುವಾಗ ವೋಲ್ಟೇಜು ಎಷ್ಟಿದೆ? ಹೋಲ್ಡರು ಸುಟ್ಟಿದೆಯೇ? ಅರ್ತ್ ವೈರು ಬಿಗಿಯಾಗಿದೆಯೇ? ಒಳಗೆ ನೀರು ಬಂದಿದೆಯೇ? ಅವರು ನಕ್ಕರೆ ನಗಲಿ, ಉತ್ತರ ಸಿಗುವವರೆಗೆ ಕೀಲಿಕೈ ಕೊಡಬೇಡಿ.

ರೆಗ್ಯುಲೇಟರ್ ಬದಲಾದ ಮೇಲೆ, ಆ ಕಾರು ಮಾರುವವರೆಗೆ, ಅವೇ ಎರಡು ಬಲ್ಬುಗಳು ನಾಲ್ಕು ಮಳೆಗಾಲ ಉರಿದವು. ಅತ್ತೆ ಮತ್ತೆ ನನ್ನ ಪಕ್ಕದಲ್ಲಿ ಕೂತು ಘಾಟಿ ಇಳಿದರು. ಒಂದೆರಡು ತಿರುವು ಕಳೆಯುವಷ್ಟರಲ್ಲಿ ನಿದ್ದೆಯನ್ನೂ ಮಾಡಿದರು.