ದಾರಿ ಕೇಳಿ, ದಾರಿ ಹೇಳಿ!

ವಿಮಾನ ಹತ್ತುವಂತಿಲ್ಲ. ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿನ ಕಾರ್ಡೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಭೂಪಟ, ಜೇಬಿನಲ್ಲಿ ಎಣಿಸಿ ಕೊಟ್ಟ ದುಡ್ಡು. ಇಷ್ಟನ್ನೇ ನಂಬಿಕೊಂಡು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗಬೇಕು. ತರುಣ ಮಿತ್ರರೇ, ನಿಮ್ಮಲ್ಲಿ ಎಷ್ಟು ಮಂದಿ ಹೊರಡುತ್ತೀರಿ? ಕೈ ಎತ್ತಿ ನೋಡೋಣ!

ತಮಾಷೆಗೆ ಕೇಳುತ್ತಿಲ್ಲ. ಬ್ರಿಟನ್ನಿನ ಬಿಬಿಸಿ 2019ರಲ್ಲಿ ಇಂಥದೊಂದು ಪಂದ್ಯವನ್ನು ಟೀವಿಗೆ ತಂದಿತು. ಹೆಸರು 'ರೇಸ್ ಅಕ್ರಾಸ್ ದಿ ವರ್ಲ್ಡ್'. ಇಬ್ಬಿಬ್ಬರ ಐದು ಜೋಡಿ. ಲಂಡನ್ನಿನಿಂದ ಸಿಂಗಪುರಕ್ಕೆ ವಿಮಾನದ ಟಿಕೆಟ್ಟಿಗೆ ಎಷ್ಟಾಗುತ್ತದೋ ಅಷ್ಟು ಹಣ ಮಾತ್ರ ತಲೆಗೆ ಕೊಟ್ಟರು: 1,329 ಪೌಂಡು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ಬಹಳವಾಯಿತು ಅನ್ನುತ್ತೀರಾ? ಸುಮಾರು 19,000 ಕಿಲೋಮೀಟರ್ ದಾರಿ. ಬಸ್ಸು, ರೈಲು, ಹಡಗು, ಊಟ, ಹಾಸಿಗೆ ಎಲ್ಲವೂ ಅದರಲ್ಲೇ ಆಗಬೇಕು. ದುಡ್ಡು ಮುಗಿದರೆ ದಾರಿಯಲ್ಲೇ ದುಡಿದುಕೊಳ್ಳಬೇಕು. ನಡುನಡುವೆ ಗೊತ್ತುಮಾಡಿದ ಊರುಗಳಿವೆ. ಅಲ್ಲಿ ಮುಟ್ಟಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದೂರಿನಿಂದ ಇನ್ನೊಂದೂರಿಗೆ ಯಾವ ದಾರಿ ಎಂಬುದು ಅವರವರ ಇಷ್ಟ. ಮೊದಲು ಕೊನೆ ಮುಟ್ಟಿದ ಜೋಡಿಗೆ 20,000 ಪೌಂಡು ಬಹುಮಾನ.

ಆಮೇಲೆ ಸರಣಿ ಮೇಲೆ ಸರಣಿ ಬಂದವು. 2020ರಲ್ಲಿ ಮೆಕ್ಸಿಕೋ ನಗರದಿಂದ ದಕ್ಷಿಣ ಅಮೆರಿಕದ ಬಾಲದ ತುದಿಯ ಉಶುವಾಯಾ. 2023ರಲ್ಲಿ ಕೆನಡಾದ ಒಂದು ದಡದಿಂದ ಇನ್ನೊಂದು ದಡ. 2024ರಲ್ಲಿ ಜಪಾನಿನಿಂದ ಇಂಡೋನೇಷ್ಯಾ. 2025ರಲ್ಲಿ ಚೀನಾದ ಮಹಾಗೋಡೆಯಿಂದ ಹೊರಟು, ನೇಪಾಳ ಹಾದು, ನಮ್ಮ ಕನ್ಯಾಕುಮಾರಿ! ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು.

ಈಗ ಹೇಳಿ, ಗೆದ್ದವರು ಯಾರು? ಪೈಲ್ವಾನರೇ? ಮಿಲಿಟರಿಯವರೇ? ಅಲ್ಲ. 2020ರಲ್ಲಿ ಗೆದ್ದದ್ದು ಚಿಕ್ಕಪ್ಪ ಮತ್ತು ಅಣ್ಣನ ಮಗನ ಪ್ರಾಯದ ಒಂದು ಜೋಡಿ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಸಂಬಂಧಿಕರು. 2023ರಲ್ಲಿ ಗೆದ್ದದ್ದು ಇಬ್ಬರು ಗೆಳತಿಯರು. ಅವರಲ್ಲಿ ಒಬ್ಬಾಕೆಗೆ ಕಣ್ಣು ಸರಿಯಾಗಿ ಕಾಣದು. 2025ರಲ್ಲಿ ಕನ್ಯಾಕುಮಾರಿಗೆ ಮೊದಲು ಬಂದು ಗೆದ್ದದ್ದು ಒಬ್ಬ ತಾಯಿ, ಅವಳ ಮಗ. ಬಲದಲ್ಲಿ ಇವರು ನಿಮಗಿಂತ ಹೆಚ್ಚಿನವರಲ್ಲ, ಹಣದಲ್ಲಿ ಎಲ್ಲರೂ ಸಮ. ಹಾಗಾದರೆ ಇವರನ್ನು ಮುಂದೆ ಒಯ್ದದ್ದು ಯಾವುದು?

ಬಾಯಿ! ಹೌದು, ಬರೀ ಬಾಯಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮೊಬೈಲ್ ಇಲ್ಲದವನು ಕೇಳಲೇಬೇಕು. ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ, ರಾತ್ರಿ ತಂಗಲು ಜಾಗ ಉಂಟೇ, ಏನಾದರೂ ಕೆಲಸ ಇದೆಯೇ? ಹೀಗೆ ದಿನಕ್ಕೆ ಹತ್ತಾರು ಮಂದಿಯನ್ನು ಕೇಳಬೇಕು. ನಾಚಿಕೆಯಿಂದ ಮೂಲೆಯಲ್ಲಿ ನಿಂತವನ ಬಸ್ಸು ಹೋಗಿಯೇಬಿಡುತ್ತದೆ.

ಇನ್ನೊಂದು ಮಾತು. ಅಚ್ಚಿನ ಮನೆಯವನಾದ ನನ್ನ ಕಣ್ಣು ಮೊದಲು ಹೋಗುವುದೇ ಅಕ್ಷರಗಳ ಮೇಲೆ. ವಿಮಾನದಲ್ಲಿ ಹೋದವನಿಗೆ ಲಂಡನ್ನೂ ಸಿಂಗಪುರವೂ ಒಂದೇ: ಅದೇ ಗಾಜಿನ ಕಟ್ಟಡ, ಅದೇ ಇಂಗ್ಲಿಷ್ ಬೋರ್ಡು. ನೆಲದ ಮೇಲೆ ಹೋಗಿ ನೋಡಿ! ಗ್ರೀಸಿಗೆ ಬಂದರೆ ಗ್ರೀಕ್ ಲಿಪಿ. ಜಾರ್ಜಿಯಾಕ್ಕೆ ಬಂದರೆ ಮತ್ತೆಲ್ಲೂ ಇಲ್ಲದ ಅದರದೇ ಲಿಪಿ. ಚೀನಾದಲ್ಲಿ ಚೀನೀ, ಕಾಂಬೋಡಿಯಾದಲ್ಲಿ ಖ್ಮೇರ್, ಥಾಯ್ಲೆಂಡಿನಲ್ಲಿ ಥಾಯ್. ಚೀನಾದ ಒಂದು ಸಣ್ಣ ಊರಿನ ಬಸ್ ನಿಲ್ದಾಣದಲ್ಲಿ ಲಂಡನ್ನಿನ ಇಂಗ್ಲಿಷು ಪೈಸೆಗೆ ಬಾಳುವುದಿಲ್ಲ. ಅಲ್ಲಿನವರು 'ನಮಗೆ ಇಂಗ್ಲಿಷ್ ಬಾರದು' ಎಂದು ತಲೆ ತಗ್ಗಿಸುವುದೂ ಇಲ್ಲ. ತಮ್ಮ ಭಾಷೆಯಲ್ಲೇ ಜೋರಾಗಿ ಹೇಳುತ್ತಾರೆ, ಕೈ ಮಾಡಿ ತೋರಿಸುತ್ತಾರೆ. ಬಂದವನು ಎರಡು ಮಾತು ಕಲಿಯುತ್ತಾನೆ, ಮುಂದೆ ಹೋಗುತ್ತಾನೆ. ಕಲಿತರೆ ಅವನಿಗೇನು ನಷ್ಟ? ಕಲಿಸಿದರೆ ಇವರಿಗೇನು ಕಷ್ಟ? ಇಂಗ್ಲಿಷ್ ಇಲ್ಲದಿದ್ದರೆ ಲೋಕವೇ ನಿಂತುಹೋಗುತ್ತದೆ ಎಂದು ನಮಗೆ ಬೋಧಿಸುವವರು ಈ ಕಾರ್ಯಕ್ರಮದ ಒಂದೇ ಒಂದು ಕಂತು ನೋಡಿದರೆ ಸಾಕು.

ವಿಮಾನವಿಲ್ಲದ ಈ ಆಟ ಹೊಸದೂ ಅಲ್ಲ. ಇದೇ ಬಿಬಿಸಿಗಾಗಿ ಮೈಕೆಲ್ ಪ್ಯಾಲಿನ್ ಎಂಬ ನಟ 1988ರಲ್ಲಿ ವಿಮಾನ ಹತ್ತದೆ 80 ದಿನಗಳೊಳಗೆ ಭೂಮಿ ಸುತ್ತಿ ಬಂದರು. ಮರುವರ್ಷ ಅದು ಟೀವಿಯಲ್ಲಿ ಬಂತು. ದುಬೈಯಿಂದ ಬೊಂಬಾಯಿಗೆ ಅವರು ಬಂದದ್ದು ಗುಜರಾತಿ ನಾವಿಕರ ಒಂದು ಮರದ ಹಡಗಿನಲ್ಲಿ. ಅವರ ಭಾಷೆ ಇವರಿಗೆ ಬಾರದು, ಇವರ ಭಾಷೆ ಅವರಲ್ಲಿ ಹೆಚ್ಚಿನವರಿಗೆ ಬಾರದು. ಆದರೂ ಆ ಕೆಲವು ದಿನಗಳ ನಂಟು ಎಂಥದೆಂದರೆ, ಇಪ್ಪತ್ತು ವರ್ಷ ಕಳೆದ ಮೇಲೆ, 2008ರಲ್ಲಿ, ಪ್ಯಾಲಿನ್ ಆ ನಾವಿಕರನ್ನು ಹುಡುಕಿಕೊಂಡು ಮತ್ತೆ ಬಂದರು. ತನ್ನನ್ನು ಹೊತ್ತು ತಂದ ವಿಮಾನದ ಪೈಲಟ್ಟನ್ನು ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಹೋದವರನ್ನು ನೀವು ಕಂಡಿದ್ದೀರಾ?

ಹಾಗೆಂದು ಬಿಬಿಸಿಯವರನ್ನು ಅಟ್ಟಕ್ಕೇರಿಸಿ ಕೂರಿಸುವ ಅಗತ್ಯವಿಲ್ಲ. ಈ ಆಟಕ್ಕೆ ಎರಡು ಗುಟ್ಟುಗಳಿವೆ. ಟೀವಿಯಲ್ಲಿ ಅವು ಎದ್ದು ಕಾಣುವುದಿಲ್ಲ.

ಮೊದಲನೆಯದು ಪಾಸ್‌ಪೋರ್ಟು. ಆ ಜೋಡಿಗಳ ಜೇಬಿನಲ್ಲಿ ದುಡ್ಡು ಕಡಿಮೆ ಇರಬಹುದು, ಬ್ರಿಟನ್ನಿನ ಪಾಸ್‌ಪೋರ್ಟಿಗೆ ಗಡಿಗಳು ಸಲೀಸಾಗಿ ತೆರೆದುಕೊಳ್ಳುತ್ತವೆ. ನಮ್ಮ ರಾಯಚೂರಿನ ಇಬ್ಬರು ಹುಡುಗರು ಇದೇ ದಾರಿ ಹಿಡಿದರೆ, ಹೊರಡುವ ಮೊದಲೇ ಒಂದೊಂದು ದೇಶದ ವೀಸಾಕ್ಕೂ ಕಾಗದಪತ್ರದ ಕಂತೆ ಹೊತ್ತು ತಿರುಗಬೇಕು. ದಾರಿಗಳೂ ಮೊದಲಿನಂತಿಲ್ಲ. 1957ರ ಏಪ್ರಿಲಿನಲ್ಲಿ ಲಂಡನ್ನಿನಿಂದ 'ಇಂಡಿಯಾಮ್ಯಾನ್' ಎಂಬ ಬಸ್ಸು ಹೊರಟು ಜೂನಿನಲ್ಲಿ ಕಲ್ಕತ್ತ ಮುಟ್ಟಿತ್ತು. ಟಿಕೆಟ್ಟಿಗೆ 85 ಪೌಂಡು! ಟರ್ಕಿ, ಇರಾನ್ ದಾಟಿ ಪೂರ್ವಕ್ಕೆ ಬರುವ ಆ ನೆಲದ ದಾರಿಯಲ್ಲಿ ಅರವತ್ತು, ಎಪ್ಪತ್ತರ ದಶಕದಲ್ಲಿ ಸಾವಿರಾರು ಯುವಕರು ಓಡಾಡಿದರು. 1979ರಲ್ಲಿ ಇರಾನಿನ ಕ್ರಾಂತಿಯಾಯಿತು, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ದಾರಿ ಕಡಿದುಹೋಯಿತು. ಪಹಲ್ಗಾಮಿನ ಹತ್ಯಾಕಾಂಡದ ನಂತರ 2025ರ ಏಪ್ರಿಲಿನಲ್ಲಿ ನಮ್ಮ ಅಟಾರಿ ಗಡಿಯ ಬಾಗಿಲನ್ನೂ ಮುಚ್ಚಲಾಯಿತು. ವಿಮಾನದಲ್ಲಿ ಹಾರುವವನಿಗೆ ಇದಾವುದೂ ಕಾಣುವುದಿಲ್ಲ. ನೆಲದ ಮೇಲೆ ಹೋಗುವವನಿಗೆ ಮಾತ್ರ ಲೋಕದ ಜಗಳಗಳೆಲ್ಲ ಹಣೆಗೆ ಬಡಿಯುತ್ತವೆ.

ಎರಡನೆಯ ಗುಟ್ಟು ಕ್ಯಾಮೆರಾ. ಆ ಜೋಡಿಗಳ ಬೆನ್ನ ಹಿಂದೆ ಟೀವಿಯವರಿದ್ದಾರೆ. ಎಷ್ಟೇ ಕಷ್ಟಪಟ್ಟರೂ ಕೊನೆಗೆ ಅದು ಆಟ. ಸೋತವರೂ ಮನೆಗೆ ಹೋಗಿ ಬಿಸಿನೀರು ಕಾಸಿಕೊಂಡು ಸ್ನಾನ ಮಾಡುತ್ತಾರೆ. ಮಿತ್ರರೇ, ಆ ಎರಡನೆಯ ಸರಣಿ ಬ್ರಿಟನ್ನಿನ ಟೀವಿಯಲ್ಲಿ ಬಂದದ್ದು ಯಾವಾಗ ಗೊತ್ತೇ? 2020ರ ಮಾರ್ಚ್ ಮತ್ತು ಏಪ್ರಿಲ್. ಅದೇ ದಿನಗಳಲ್ಲಿ, ಮಾರ್ಚ್ 25ರಿಂದ, ನಮ್ಮ ದೇಶದಲ್ಲಿ ಲಾಕ್‌ಡೌನ್. ರೈಲಿಲ್ಲ, ಬಸ್ಸಿಲ್ಲ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ನೂರಾರು ಮೈಲಿ ಕಾಲ್ನಡಿಗೆ. ಅವರಿಗೂ ವಿಮಾನವಿರಲಿಲ್ಲ, ಅವರ ಜೇಬಿನಲ್ಲೂ ದುಡ್ಡಿರಲಿಲ್ಲ. ಆದರೆ ಅವರು ಪಂದ್ಯಕ್ಕೆ ಹೆಸರು ಕೊಟ್ಟವರಲ್ಲ, ಅವರಿಗೆ ಬಹುಮಾನವೂ ಇರಲಿಲ್ಲ.

ಲಾಕ್‌ಡೌನ್ ಇರಲಿ ಬಿಡಲಿ, ಆ ಓಟ ನಿಂತಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೊರಟವರು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಇಳಿದು, ಕೈಯಲ್ಲಿ ವಿಳಾಸದ ಚೀಟಿ ಹಿಡಿದು ನಿಂತಿರುವುದನ್ನು ನೀವು ನೋಡಿದ್ದೀರಿ. ಅಪ್ಪಟ ಕನ್ನಡದಲ್ಲಿ ದಾರಿ ಕೇಳುತ್ತಾರೆ: 'ಯಣ್ಣಾ, ಈ ಬಸ್ಸು ಎಲ್ಲಿ ಬರ್ತೈತ್ರೀ?' ಕಿವಿಗೆ ವೈರು ಸಿಕ್ಕಿಸಿಕೊಂಡ ನಾವು ಏನು ಮಾಡುತ್ತೇವೆ? ಕೇಳಿಸದವರ ಹಾಗೆ ಮುಂದೆ ಹೋಗುತ್ತೇವೆ. ಕಜಕಸ್ತಾನದಲ್ಲೋ ಪೆರುವಿನಲ್ಲೋ ಅಪರಿಚಿತನೊಬ್ಬ ಬಿಳಿಯ ಪ್ರಯಾಣಿಕರಿಗೆ ದಾರಿ ತೋರಿಸಿದರೆ ಟೀವಿ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತೇವೆ. ನಮ್ಮೂರಿನ ನಿಲ್ದಾಣದಲ್ಲಿ ನಮ್ಮದೇ ಭಾಷೆಯಲ್ಲಿ ಕೇಳಿದವನಿಗೆ ಬಾಯಿ ಬಿಡುವುದಿಲ್ಲ. ಇದು ಯಾವ ಸೀಮೆಯ ಅಭಿಮಾನ?

ಬಸ್ಸಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2023ರ ಪಂದ್ಯ ನಡೆದ ಕೆನಡಾ ಎಂಥ ದೇಶ! ನಮ್ಮ ಹುಡುಗರು ನಿದ್ದೆಯಲ್ಲೂ ಕನವರಿಸುವ ದೇಶ. ಬಂದ ಜೋಡಿಗಳಿಗೆ ಅಲ್ಲಿ ಹೆಚ್ಚಿನ ಕಡೆ ಭಾಷೆಯ ತೊಡಕೂ ಇರಲಿಲ್ಲ. ತೊಡಕಾದದ್ದು ಬಸ್ಸು! ಗ್ರೇಹೌಂಡ್ ಎಂಬ ದೊಡ್ಡ ಬಸ್ ಕಂಪನಿ 2018ರಲ್ಲಿ ಅಲ್ಲಿನ ಪಶ್ಚಿಮ ಭಾಗದ ಬಸ್ಸುಗಳನ್ನು ನಿಲ್ಲಿಸಿತು, 2021ರಲ್ಲಿ ಉಳಿದದ್ದನ್ನೂ ನಿಲ್ಲಿಸಿ ಆ ದೇಶದಿಂದಲೇ ಕಾಲ್ತೆಗೆಯಿತು. ಹೀಗಾಗಿ ಪಂದ್ಯದವರು ರಸ್ತೆಯಲ್ಲಿ ಕಂಡಕಂಡ ಕಾರಿನವರನ್ನು ಕೇಳಿಕೊಂಡು ಹೋಗಬೇಕಾಯಿತು. ನಮ್ಮಲ್ಲಿ ನಾಲ್ಕು ಸಾರಿಗೆ ನಿಗಮಗಳಿವೆ. ಕೆಂಪು ಬಸ್ಸು ಧೂಳೆಬ್ಬಿಸಿಕೊಂಡು ಹಳ್ಳಿಹಳ್ಳಿಗೆ ಹೋಗುತ್ತದೆ. ಸೀಟು ಹರಿದಿದೆ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಬೈಯೋಣ, ಬೈದು ಸರಿಮಾಡಿಸೋಣ. ಆದರೆ ಅದು ಇರುವುದೇ ದೊಡ್ಡ ಭಾಗ್ಯ ಎಂಬುದನ್ನು ಕೆನಡಾ ನೋಡಿ ಕಲಿಯೋಣ.

ಈಗ ನಿಮ್ಮ ಸರದಿ. ದೇಶ ಸುತ್ತು, ಕೋಶ ಓದು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಬ್ಯಾಂಕಾಕಿಗೆ ಹಾರಿ ಬಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಶಿರಸಿಯಿಂದ ಗದಗಿಗೆ ಹೇಗೆ ಹೋಗಬೇಕೆಂದು ಕೇಳಿ ನೋಡಿ, ಕೂಡಲೇ ಮೊಬೈಲ್ ತೆಗೆಯುತ್ತಾರೆ! ಅದಕ್ಕೇ ಒಂದು ಸವಾಲು ಹಾಕುತ್ತೇನೆ. ಮುಂದಿನ ದಸರಾ ರಜೆಗೆ ಇಬ್ಬಿಬ್ಬರು ಜೋಡಿಯಾಗಿ. ಬೀದರಿನಿಂದ ಚಾಮರಾಜನಗರ, ಎಂಟುನೂರು ಕಿಲೋಮೀಟರಿಗೂ ಹೆಚ್ಚು. ವಿಮಾನವಿಲ್ಲ, ಟ್ಯಾಕ್ಸಿಯಿಲ್ಲ, ಸಾಮಾನ್ಯ ಬಸ್ಸು ಮತ್ತು ರೈಲು ಮಾತ್ರ. ಮೊಬೈಲ್ ಆಫ್ ಆಗಿ ಚೀಲದ ತಳದಲ್ಲಿರಲಿ, ಆಪತ್ತಿಗೆ ಮಾತ್ರ ಮೇಲೆ ಬರಲಿ. ಬಳ್ಳಾರಿ ಮೇಲಾದರೂ ಹೋಗಿ, ಹುಬ್ಬಳ್ಳಿ ಮೇಲಾದರೂ ಹೋಗಿ, ಕರಾವಳಿಗೆ ಇಳಿದಾದರೂ ಹೋಗಿ. ಹೆಣ್ಣುಮಕ್ಕಳೇ, 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ಟಿನ ಕಾಸೂ ಬೇಡ. ಈ ಪಂದ್ಯದಲ್ಲಿ ನೀವೇ ಒಂದು ಹೆಜ್ಜೆ ಮುಂದೆ!

ಒಂದೇ ಷರತ್ತು. ಎಲ್ಲಿ ಇಳಿದರೂ ಅಲ್ಲಿನವರ ಮಾತಿನಲ್ಲಿ ಕೇಳಲು ನೋಡಿ. ಕಲಬುರಗಿಯ ಕನ್ನಡಕ್ಕೂ ಕುಂದಾಪುರದ ಕನ್ನಡಕ್ಕೂ ಎಷ್ಟು ದೂರವೆಂದು ಕಿವಿಯಾರೆ ಕೇಳಿ. ಮಂಗಳೂರಿನಲ್ಲಿ ಎರಡು ಮಾತು ತುಳು, ಕಾರವಾರದಲ್ಲಿ ಎರಡು ಮಾತು ಕೊಂಕಣಿ, ಮಡಿಕೇರಿಯಲ್ಲಿ ಎರಡು ಮಾತು ಕೊಡವ ಕಲಿಯಿರಿ. ನಮ್ಮ ಭಾಷೆಗೆ ಮರ್ಯಾದೆ ಕೇಳುವ ನಾವು ಪಕ್ಕದ ಭಾಷೆಗೂ ಮರ್ಯಾದೆ ಕೊಡಬೇಕು. ಹೊರರಾಜ್ಯಕ್ಕೆ ಹೋದಾಗಲೂ ಇದೇ ನಿಯಮ. ನಮ್ಮೂರಿಗೆ ಬಂದು ಕನ್ನಡ ಕಲಿಯದವರನ್ನು ದೂರುವ ನಾವು, ಮಧುರೆಗೆ ಹೋದಾಗ ನಾಲ್ಕು ತಮಿಳು ಮಾತು ಕಲಿಯದಿದ್ದರೆ ಆ ದೂರಿಗೆ ಬೆಲೆಯೆಲ್ಲಿ?

ಬಹುಮಾನವಾಗಿ ಪೌಂಡು ಕೊಡುವ ಶಕ್ತಿ ಈ ಪತ್ರಿಕೆಗಿಲ್ಲ. ಹೋಗಿಬಂದು ದಾರಿಯ ಕಥೆ ಬರೆದು ಕಳಿಸಿ, ಅಚ್ಚು ಹಾಕುವುದು ನನ್ನ ಜವಾಬ್ದಾರಿ. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ನಾಳೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಯಾರಾದರೂ ಚೀಟಿ ಹಿಡಿದು ನಿಮ್ಮ ಮುಖ ನೋಡಿದರೆ, ಕಿವಿಯ ವೈರು ತೆಗೆಯಿರಿ. ಅವರು ಕನ್ನಡದವರಾದರೆ ಕನ್ನಡದಲ್ಲೇ ಹೇಳಿ. ಹೊರಗಿನವರಾದರೆ ಕನ್ನಡದಲ್ಲಿ ಹೇಳಿ, ಕೈ ಮಾಡಿ ತೋರಿಸಿ, ಬೇಕಾದರೆ ನಾಲ್ಕು ಹೆಜ್ಜೆ ಜೊತೆಗೆ ನಡೆದು ಬಸ್ಸು ಹತ್ತಿಸಿ ಬನ್ನಿ.