ಹಾಲು ಅಳೆಯುವ ಡೈರಿಯಲ್ಲೇ ಬಿಪಿಯನ್ನೂ ಅಳೆಯೋಣ

2025ರ ಜೂನ್ ಕೊನೆಯ ಹೊತ್ತಿಗೆ ಹಾಸನ ಜಿಲ್ಲೆಯ ಸುದ್ದಿ ರಾಜ್ಯವನ್ನೇ ಕಂಗೆಡಿಸಿತು. ಒಂದೂವರೆ ತಿಂಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹರೆಯದವರೂ ಇದ್ದರು ಎಂಬ ವರದಿ ಬಂದದ್ದೇ ತಡ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ಜನ ಮುಗಿಬಿದ್ದರು. ಯಾವ ತೊಂದರೆಯೂ ಇಲ್ಲದವರು ಇಸಿಜಿಗಾಗಿ ಸಾಲಿನಲ್ಲಿ ನಿಂತರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಈ ಸಾವುಗಳನ್ನು ಪರಿಶೀಲಿಸಿ, ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ ಎಂದು ಹೇಳಿತು. ಭಯ ಇಳಿಯಿತು, ಸಾಲು ಕರಗಿತು.

ಸಮಿತಿಯ ಮಾತನ್ನು ನಾವು ಸಮಾಧಾನದ ಮಾತೆಂದು ತೆಗೆದುಕೊಂಡೆವು. ನನ್ನ ಮಟ್ಟಿಗೆ ಅದೇ ಎಚ್ಚರಿಕೆಯ ಗಂಟೆ. ಏರಿಲ್ಲ ಎಂದರೆ ಹಿಂದೆಯೂ ಹೀಗೆಯೇ ಸಾಯುತ್ತಿದ್ದರು, ನಾವು ಎಣಿಸುತ್ತಿರಲಿಲ್ಲ ಎಂದರ್ಥ. ಮೃತರಲ್ಲಿ ಹಲವರಿಗೆ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ-ಸಿಗರೇಟಿನ ಚಟ ಇತ್ತು. ಆಟೋ, ಕ್ಯಾಬ್ ಓಡಿಸುವವರೂ ಅವರಲ್ಲಿದ್ದರು. ಹೊತ್ತಿಗೆ ಸರಿಯಾಗಿ ಊಟವಿಲ್ಲದೆ, ನಿದ್ದೆಯಿಲ್ಲದೆ, ದಿನವಿಡೀ ಕೂತು ದುಡಿಯುವವರು ಇವರು. ಇದರಲ್ಲಿ ನಿಗೂಢವಾದದ್ದು ಏನೂ ಇಲ್ಲ.

ಸರ್ಕಾರ ಕೈಕಟ್ಟಿ ಕೂತಿಲ್ಲ. 2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯಜ್ಯೋತಿ’ ಯೋಜನೆ ಬಂತು. ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ತಜ್ಞರ ಸಲಹೆ ಪಡೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದು. ಇದರಿಂದ ಜೀವ ಉಳಿಯುತ್ತದೆ, ಅನುಮಾನ ಬೇಡ. ಆದರೆ ನಮ್ಮಲ್ಲಿ ಎದೆ ಹಿಡಿದುಕೊಂಡರೆ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬುದು. ಒಂದು ಸೋಡಾ, ಒಂದು ಓಮಿನ ಕಷಾಯ, ‘ಬೆಳಗ್ಗೆ ನೋಡೋಣ ಬಿಡಿ’. ಆ ಬೆಳಗಿನೊಳಗೆ ಹೃದಯದ ಸ್ನಾಯು ಸತ್ತಿರುತ್ತದೆ. ಇಂಜೆಕ್ಷನ್ ಇದ್ದರೆ ಸಾಲದು, ಅದರ ಬಳಿಗೆ ಹೊತ್ತಿಗೆ ಸರಿಯಾಗಿ ಹೋಗುವ ತಿಳಿವಳಿಕೆ ಊರಿಗೇ ಬೇಕು. ಅದಕ್ಕಿಂತ ಮೊದಲು, ಇಂಜೆಕ್ಷನ್ ಬೇಕಾಗದಂತೆ ನೋಡಿಕೊಳ್ಳುವ ತಿಳಿವಳಿಕೆ ಬೇಕು.

ಇದನ್ನು ಒಂದು ಇಡೀ ಪ್ರಾಂತ್ಯ ಮಾಡಿ ತೋರಿಸಿದೆ. ಫಿನ್ಲೆಂಡಿನ ಪೂರ್ವದ ಅಂಚಿನಲ್ಲಿರುವ ಉತ್ತರ ಕರೇಲಿಯ ಹಾಸನದ ಹಾಗೆಯೇ ಹೈನುಗಾರಿಕೆಯ ಸೀಮೆ. 1970ರ ಆಸುಪಾಸಿನಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಯುವ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 1971ರಲ್ಲಿ ಆ ನಾಡಿನ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಎಳೆಯ ವೈದ್ಯನ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಅವರು ದೊಡ್ಡಾಸ್ಪತ್ರೆ ಕಟ್ಟಲು ಹೋಗದೆ ನೇರ ಅಡುಗೆಮನೆಗೆ ಹೋದರು. ‘ಮಾರ್ತಾ’ ಎಂಬ ಗೃಹಿಣಿಯರ ಸಂಘ ಊರೂರಿನಲ್ಲಿ ಅಡುಗೆ ಮಾಡಿ ಬಡಿಸಿ, ಬೆಣ್ಣೆ ಮತ್ತು ಉಪ್ಪು ತಗ್ಗಿಸಿ ತರಕಾರಿ ಹೆಚ್ಚಿಸುವುದನ್ನು ಕಲಿಸಿತು. ಯಾರ ಊರಿನಲ್ಲಿ ಕೊಲೆಸ್ಟರಾಲ್ ಹೆಚ್ಚು ಇಳಿಯುತ್ತದೆ ಎಂದು ಹಳ್ಳಿಹಳ್ಳಿಗಳ ನಡುವೆ ಸ್ಪರ್ಧೆಯೇ ನಡೆಯಿತು. ಹೈನೋದ್ಯಮದಿಂದ ವಿರೋಧ ಬಂತು, ಆದರೂ ಕೆಲಸ ನಿಲ್ಲಲಿಲ್ಲ. ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಒಬ್ಬೊಬ್ಬರನ್ನೇ ಹೆದರಿಸಿದ್ದರೆ ಇದು ಆಗುತ್ತಿರಲಿಲ್ಲ. ಊರಿನ ರೂಢಿ ಬದಲಾಯಿತು, ಅದಕ್ಕೇ ಆಯಿತು.

ನಮ್ಮ ಶತ್ರು ಕರೇಲಿಯದ ಬೆಣ್ಣೆಯಲ್ಲ. ನಮ್ಮದು ಉಪ್ಪು, ಮತ್ತೆಮತ್ತೆ ಕಾಯಿಸಿದ ಎಣ್ಣೆ, ಹೊಗೆಸೊಪ್ಪು, ಯಾರೂ ಅಳೆಯದ ಬಿಪಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಊಟದ ಎಲೆ ನೋಡಿ: ತುದಿಗೆ ಉಪ್ಪು, ಪಕ್ಕಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಾಕಿದ ಅನ್ನ, ಉಪ್ಪು ಹಾಕಿದ ಮಜ್ಜಿಗೆ. ಒಂದೇ ಪಂಕ್ತಿಯಲ್ಲಿ ದಿನದ ಲೆಕ್ಕ ಮೀರುತ್ತದೆ. ಸಂಜೆಗೆ ಬೇಕರಿಯ ಖಾರದ ಬನ್ ಬೇರೆ.

ಇನ್ನು ಬಿಪಿ. ಅದು ನೋವು ಕೊಡುವುದಿಲ್ಲ, ಅದೇ ಅದರ ಅಪಾಯ. ಜಗತ್ತಿನಲ್ಲಿ ಬಿಪಿ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮಗದು ಇದೆಯೆಂದೇ ಗೊತ್ತಿಲ್ಲ. ಗೊತ್ತಾದವರಲ್ಲೂ ಎಷ್ಟೋ ಜನ ತಲೆಸುತ್ತು ನಿಂತ ಕೂಡಲೇ ಮಾತ್ರೆ ಬಿಡುತ್ತಾರೆ. ‘ಒಮ್ಮೆ ಶುರು ಮಾಡಿದರೆ ಜೀವಮಾನವಿಡೀ ನುಂಗಬೇಕಂತೆ’ ಎಂಬ ಅಂಜಿಕೆಯಿಂದ ಶುರುವೇ ಮಾಡದವರೂ ಇದ್ದಾರೆ. ಅವರಿಗೆ ಹೇಳಬೇಕಾದ ನಿಜ ಇಷ್ಟೇ: ಕೆಡುಕು ಮಾತ್ರೆಯದ್ದಲ್ಲ, ವರ್ಷಗಟ್ಟಲೆ ರಕ್ತನಾಳವನ್ನು ಸವೆಸುವ ಒತ್ತಡದ್ದು.

ಬಿಪಿ ಅಳೆಯಲು ಒಂದು ಜಾಗ ನಮ್ಮ ಊರುಗಳಲ್ಲಿ ಆಗಲೇ ಇದೆ. ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಜನ ತಾವಾಗಿಯೇ ಡೈರಿಗೆ ಬರುತ್ತಾರೆ. ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಅಳೆದು, ಚೀಟಿ ಕೈಗೆ ಬರುತ್ತದೆ. ಎರಡು ಹೊತ್ತೂ ಹಸುವಿನ ಹಾಲು ಅಳೆಯುವ ಊರಿನಲ್ಲಿ ಹಾಲು ತಂದವನ ಬಿಪಿಯನ್ನು ವರ್ಷಕ್ಕೊಮ್ಮೆಯೂ ಅಳೆಯುವುದಿಲ್ಲವೆಂದರೆ ಇದನ್ನು ಬದಲಿಸಲೇಬೇಕು. ತಿಂಗಳಿಗೊಂದು ದಿನ ಆಶಾ ಕಾರ್ಯಕರ್ತೆಯೋ ಸಮುದಾಯ ಆರೋಗ್ಯಾಧಿಕಾರಿಯೋ ಬಿಪಿ ಯಂತ್ರದೊಂದಿಗೆ ಡೈರಿ ಕಟ್ಟೆಯ ಮೇಲೆ ಕೂರಲಿ. 30 ದಾಟಿದ ಎಲ್ಲರಿಗೂ ನೋಡಲಿ. 140/90 ಮುಟ್ಟಿದವರ ಹೆಸರನ್ನು ಗುಟ್ಟಾಗಿ ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಿ, ಮುಂದಿನ ತಿಂಗಳು ಮಾತ್ರೆ ಮುಂದುವರಿದಿದೆಯೇ ಎಂದು ಕೇಳಲಿ. ಮನೆಬಾಗಿಲಿಗೆ ಹೋಗಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ ರಾಜ್ಯದಲ್ಲಿದೆ. ಅದಕ್ಕೆ ಡೈರಿ ಕಟ್ಟೆ, ಆಟೋ ನಿಲ್ದಾಣ, ಗಾರ್ಮೆಂಟ್ಸ್ ಗೇಟು ಸೇರಿಸಿದರೆ ಮನೆಯಲ್ಲಿ ಸಿಗದವರೂ ಸಿಗುತ್ತಾರೆ.

ಅಡುಗೆಮನೆಯ ಕೆಲಸ ಸ್ತ್ರೀಶಕ್ತಿ ಸಂಘಗಳದ್ದು, ಆದರೆ ಹೊಣೆ ಅವರೊಬ್ಬರದ್ದೇ ಅಲ್ಲ. ‘ಸಪ್ಪೆಯಾಗಿದೆ’ ಎಂದು ತಟ್ಟೆ ತಳ್ಳುವ ಗಂಡಸರು ಬದಲಾಗದೆ ಉಪ್ಪು ಇಳಿಯದು. ಉಪ್ಪನ್ನು ಸ್ವಲ್ಪಸ್ವಲ್ಪವೇ ಇಳಿಸಿದರೆ ಕೆಲವೇ ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಮದುವೆಮನೆಯಲ್ಲಿ ಎಲೆಗೆ ಉಪ್ಪು ಕೇಳಿದವರಿಗೆ ಮಾತ್ರ ಬಡಿಸಲಿ. ಶಾಲೆಯ ಹತ್ತಿರ ಗುಟ್ಕಾ, ಸಿಗರೇಟು ಮಾರುವ ಅಂಗಡಿಯನ್ನು ಪಂಚಾಯಿತಿ ತೆರವು ಮಾಡಿಸಲಿ, ಕಾನೂನು ಅದರ ಕೈಯಲ್ಲೇ ಇದೆ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮೂರಿನಲ್ಲಿ 30 ದಾಟಿದ ಎಷ್ಟು ಜನರ ಬಿಪಿ ಈ ವರ್ಷ ನೋಡಿದ್ದೀರಿ, ಎಷ್ಟು ಜನರದ್ದು ಹತೋಟಿಯಲ್ಲಿದೆ? ಉತ್ತರ ಬರುವವರೆಗೂ ಪ್ರತಿ ಸಭೆಯಲ್ಲೂ ಕೇಳುತ್ತಿರಿ.